ಹಾಳೆಯ ಹಿಂಬದಿ

ನಮ್ಮ ಡ್ರಾಯಿಂಗ್ ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರು ಎಂದೂ ಉಗುರಿನ ಬಣ್ಣದಲ್ಲಿ ಇರುತ್ತಿರಲಿಲ್ಲ. ಅಗಲವಾದ, ಸ್ವಲ್ಪ ಗುಳಿಬಿದ್ದ ಉಗುರು. ಅದರ ಮೇಲೆ ಒಂದು ಹನಿ ನೀರು ಬಿಟ್ಟು, ಚಿಟಿಕೆ ಬಣ್ಣ ಹಾಕಿ, ಪೊರಕೆಕಡ್ಡಿಯಿಂದ ಎರಡು ಸುತ್ತು ಕಲಸಿ, ಬೆಳಕಿಗೆ ಹಿಡಿದು ನೋಡುವರು. ಸರಿ ಅನಿಸಿದರೆ ಮಾತ್ರ ಬಟ್ಟಲಿಗೆ ಕೈ. ಒಂದು ದಿನ ಉಗುರು ಹಳದಿ, ಒಂದು ದಿನ ಬಸಳೆ ಹಣ್ಣಿನ ನೇರಳೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದ ಹೆಂಗಸರು, "ಏನ್ ಸಾ, ಇವತ್ತು ಅರಿಸಿನದ ಪಾಟವಾ?" ಎಂದು ನಗುವರು. "ಊಂ ಕಣವ್ವ, ನಿನ್ ಮಗಂಗೆ ಮದ್ವೆ ಮಾಡಾನ ಅಂತ" ಎಂದು ಮೇಷ್ಟ್ರೂ ಬಿಡುತ್ತಿರಲಿಲ್ಲ.

ಇದನ್ನು ಅವರ ನೆನಪಿಗಾಗಿ ಬರೆಯುತ್ತಿದ್ದೇನೆ ಎಂದರೆ ಅರ್ಧ ನಿಜ. ಉಳಿದರ್ಧ ಹಗೆ. ಒಬ್ಬ ಮನುಷ್ಯನ ಮೇಲಿನ ಸಿಟ್ಟು ನನ್ನಲ್ಲಿ ಆರಿಲ್ಲ. ಆರುವುದು ನನಗೆ ಬೇಕಾಗಿಯೂ ಇಲ್ಲ.

ಅಕ್ಕಿಹೆಬ್ಬಾಳಿನಿಂದ ಹೇಮಾವತಿಯ ದಂಡೆ ಹಿಡಿದು ಹೋದರೆ ಸಿಗುವ ಹಳ್ಳಿಗಳಲ್ಲಿ ನಮ್ಮದೊಂದು. ಊರಿನಲ್ಲಿ ಒಂದು ಹೈಸ್ಕೂಲು. ಸುತ್ತಲಿನ ಮಕ್ಕಳೆಲ್ಲ ಅಲ್ಲಿಗೇ ಬರುತ್ತಾರೆ. ನನ್ನ ಅಪ್ಪ ಹಾಲಿನ ಡೈರಿಯ ಸೆಕ್ರೆಟರಿ. ಮೇಷ್ಟ್ರು ನಾಗಮಂಗಲದ ದೇವಲಾಪುರ ಕಡೆಯವರು. ಒಂಟಿ ಜೀವ, ಡೈರಿಯ ಎದುರಿಗೆ ಒಂದು ಕೋಣೆ ಹಿಡಿದುಕೊಂಡಿದ್ದರು. ಹೈಸ್ಕೂಲಿನಲ್ಲಿ ನನಗೂ ಚಿತ್ರ ಕಲಿಸಿದವರು ಅವರೇ. ಅವರ ಕ್ಲಾಸಿಗೆ ರಬ್ಬರ್ ತರುವಂತಿರಲಿಲ್ಲ. ತಂದರೆ ಕಿತ್ತುಕೊಂಡು ಕಿಟಕಿಯಾಚೆ ಎಸೆಯುವರು. "ತಪ್ ಗೆರೆ ಅಲ್ಲೇ ಇರ್ಲಿ ಬುಡು. ಪಕ್ಕದಲ್ಲಿ ಸರ್ಯಾಗಿರೋದ ಎಳಿ. ಎಲ್ಲಿ ತಪ್ಪಿದ್ದೆ ಅಂತ ನಾಳೆ ನಿಂಗೇ ಬೇಕಾಯ್ತದೆ."

ಕೊರೊನಾ ಬಂದು ಶಾಲೆ ಮುಚ್ಚಿದಾಗ ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದು ಕೂತಿದ್ದೆ. ಬೇರೆ ಮೇಷ್ಟ್ರುಗಳು ಫೋನಿಗೆ ವಿಡಿಯೊ ಕಳಿಸಿ ಕೈ ತೊಳೆದುಕೊಂಡರು. ಅರ್ಧ ಮನೆಗಳಲ್ಲಿ ಅಂಥ ಫೋನೇ ಇರಲಿಲ್ಲ. ಇದ್ದ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಡ್ರಾಯಿಂಗನ್ನು ಕೇಳುವವರೇ ಇಲ್ಲ. "ನಿಮ್ದು ಪರೀಕ್ಷೆಗೆ ಬರೋ ಸಬ್ಜೆಕ್ಟಾ? ಆರಾಮಾಗಿರಿ" ಎಂದು ಎಚ್‌ಎಂ ಹೇಳಿದ್ದರಂತೆ. ಮೇಷ್ಟ್ರು ಮಾರನೆಯ ಬೆಳಿಗ್ಗೆ ಡೈರಿ ಕಟ್ಟೆಯ ಮೇಲೆ ಕೂತು, ಹಾಲಿನ ಟೆಂಪೊಗೆ ಕ್ಯಾನು ಏರಿಸುವುದನ್ನೇ ನೋಡುತ್ತಿದ್ದರು.

"ಸೆಕ್ರೆಟ್ರಿಗಳೇ, ಈ ಗಾಡಿ ಎಷ್ಟೂರು ಸುತ್ತದೆ?"

"ಏಳೂರು ಮೇಷ್ಟ್ರೇ" ಎಂದರು ಅಪ್ಪ.

"ದೇಸವೇ ನಿಂತೋಗದೆ. ಇದೊಂದು ನಿಂತಿಲ್ಲ ನೋಡಿ."

ಅಂದಿನಿಂದ ಏಳೂರಿನ ಮಕ್ಕಳಿಗೆ ಚಿತ್ರದ ಪಾಠ ಹಾಲಿನ ಗಾಡಿಯಲ್ಲಿ ಹೋಯಿತು. ಹಸುವಿಲ್ಲದ ಮನೆ ನಮ್ಮ ಕಡೆ ಕಡಿಮೆ. ಹಾಲು ಹಾಕಲು ಬರುವ ಮಗು ತನ್ನೂರಿನ ಡೈರಿಯಲ್ಲಿ ಹಾಳೆಯನ್ನೂ ಕೊಟ್ಟು ಹೋಗುತ್ತಿತ್ತು. ತುಂಬಿದ ಕ್ಯಾನಿನ ಜೊತೆ ಚಿತ್ರ ಬರುವುದು, ಖಾಲಿ ಕ್ಯಾನಿನ ಜೊತೆ ತಿದ್ದಿದ ಚಿತ್ರ ವಾಪಸು ಹೋಗುವುದು. ಬಣ್ಣದ ಅಂಗಡಿ ಮುಚ್ಚಿದ್ದರೆ ಏನಂತೆ? ಕೆಮ್ಮಣ್ಣು, ಇದ್ದಿಲು, ಅರಿಶಿನ, ಅದಕ್ಕೆ ಸುಣ್ಣ ಸೋಕಿಸಿದರೆ ಕೆಂಪು. ರೋಗದ ಭಯಕ್ಕೆ ನನ್ನ ಅವ್ವ ಹಾಳೆಗಳನ್ನು ಮುಟ್ಟಗೊಡುತ್ತಿರಲಿಲ್ಲ. ಹಾಗಾಗಿ ನಾನು ಡೈರಿ ಮುಂದೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ, ಒಂದು ಹೊತ್ತು ಬಿಸಿಲಿಗೆ ನೇತುಹಾಕುತ್ತಿದ್ದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವರು. "ಇದು ನಮ್ ಗೌರಿ ಹಸ ಅಲ್ವಾ? ಕೊಂಬು ಸೊಟ್ಟ ಬರ್ದವ್ಳೆ ನಮ್ ಹುಡ್ಗಿ!" "ಕೊಂಬೇ ಸೊಟ್ಟ ಅದೆ ಕಣ್ಲಾ, ಅವ್ಳೇನ್ ಮಾಡಾಳು?"

ಪ್ರತಿ ಹಾಳೆಯ ಹಿಂಬದಿಯಲ್ಲಿ ಮಗು ಮೂರು ಸಾಲು ಬರೆಯಲೇಬೇಕಿತ್ತು. ಎಲ್ಲಿ ಕೂತಿದ್ದೆ, ಏನು ಕಾಣುತ್ತಿತ್ತು, ಪಕ್ಕದಲ್ಲಿ ಯಾರಿದ್ದರು. ಯಾಕೆ ಈ ಉಸಾಬರಿ ಎಂದು ಕೇಳಿದ್ದೆ. "ನಾನ್ ಅವ್ರ ಪಕ್ಕದಲ್ಲಿಲ್ಲ ಕಣವ್ವ. ಎಲ್ಲಿ ಕೂತವ್ರೆ ಅಂತ ತಿಳೀದೆ ಬೆಳಕು ಯಾವ್ ಕಡೆಯಿಂದ ಬಂತು ಅಂತ ಎಂಗ್ ಹೇಳ್ಲಿ? ನೆಳ್ಳು ಎಂಗ್ ತಿದ್ಲಿ?" ಕೊಟ್ಟಿಗೆ ಬಾಗಿಲಲ್ಲಿ, ಅಜ್ಜಿ ಇದ್ದಳು. ಜಗಲಿ ಮೇಲೆ, ಯಾರೂ ಇರಲಿಲ್ಲ, ಬೆಕ್ಕು ಇತ್ತು. ಕೆಲವು ದಿನ ಚಿತ್ರಕ್ಕಿಂತ ಆ ಹಿಂಬದಿಯೇ ಚೆನ್ನಾಗಿರುತ್ತಿತ್ತು.

ಆಮೇಲೆ ಎಚ್‌ಎಂಗೆ ವರದಿ ಬೇಕಾಯಿತು. ಮಕ್ಕಳು ಫೋನಿನ ಮುಂದೆ ಕೂತು ಪಾಠ ಕೇಳುವ ಫೋಟೊಗಳನ್ನು ಶಾಲೆಯ ಆಡಳಿತ ಮಂಡಳಿ ಕೇಳಿತ್ತು. ಎಚ್‌ಎಂ ಬಿಳಿ ಕಾರು ಡೈರಿ ಮುಂದೆ ಬಂದು ನಿಂತ ದಿನ ನಾನು ಹಾಳೆಗಳಿಗೆ ಕ್ಲಿಪ್ಪು ಹಾಕುತ್ತಿದ್ದೆ.

"ಏನ್ ಮೇಷ್ಟ್ರೇ, ಹಾಲಿನ ಕ್ಯಾನ್ ಜೊತೆ ಪಾಠ ಕಳಿಸ್ತಾ ಇದೀವಿ ಅಂತ ಬರೀಲಾ ನಾನು? ನಗ್ತಾರೆ."

"ನಗ್ಲಿ ಬುಡಿ ಸಾ. ನಕ್ಕೋರು ಬಂದು ಒಂದ್ ಹಾಳೆ ನೋಡ್ಲಿ."

"ನಿಮ್ಮ ನೇತಾಡೋ ಬಟ್ಟೆ ನನಗೆ ಬೇಡ. ಲೈವ್ ಕ್ಲಾಸ್ ಬೇಕು."

"ಈ ಊರಲ್ಲಿ ನೆಟ್‌ವರ್ಕ್ ಎಲ್ ಸಿಕ್ತದೆ ಸಾ?"

ಎಚ್‌ಎಂ ಊರ ಆಚೆ ಕೈ ತೋರಿಸಿದರು. ಬಳಸದೆ ಬಿಟ್ಟಿದ್ದ ಹಳೆಯ ನೀರಿನ ಟ್ಯಾಂಕು. ಅದರ ಕಬ್ಬಿಣದ ಏಣಿ ಹತ್ತಿದರೆ ಸಿಗ್ನಲ್ ಬರುತ್ತದೆಂದು ಊರಿನ ಹುಡುಗರಿಗೆಲ್ಲ ಗೊತ್ತಿತ್ತು. ಅಂದೇ ಶಾಲೆಯ ವಾಟ್ಸಾಪ್ ಗ್ರೂಪಿಗೆ ಅವರ ದನಿಯ ಮೆಸೇಜು ಬಂತು: ನೆಪ ಹೇಳಬೇಡಿ, ಟ್ಯಾಂಕ್ ಹತ್ತಿರ ಹೋಗಿ, ಫೋಟೊ ಬರದಿದ್ದರೆ ಹಾಜರಿ ಇಲ್ಲ. ಅಂದು ವಾಪಸು ಹೋದ ಪ್ರತಿ ಹಾಳೆಯ ಮೂಲೆಯಲ್ಲೂ ಮೇಷ್ಟ್ರು 'ಟ್ಯಾಂಕ್ ಹತ್ತಬೇಡಿ' ಎಂದು ಪೆನ್ಸಿಲ್ಲಿನಲ್ಲಿ ಬರೆದರು. ಮಕ್ಕಳಿಗೆ ಮೇಷ್ಟ್ರ ಪೆನ್ಸಿಲ್ಲಿಗಿಂತ ಎಚ್‌ಎಂ ದನಿಯ ಭಯ ಹೆಚ್ಚು. ಮಾರನೆಯ ದಿನದಿಂದಲೇ ಸರದಿಯಲ್ಲಿ ಹತ್ತತೊಡಗಿದರು, ಅಲ್ಲಿ ಕಂಡದ್ದನ್ನೇ ಹಾಳೆಗೂ ಬರೆದು ಕಳಿಸಿದರು.

ಮೂರನೆಯ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ, ಎಂಟನೇ ಕ್ಲಾಸಿನವಳು, ನನ್ನ ಫೋನು ಕೇಳಿದಳು. "ಅಕ್ಕ, ಇವತ್ತೊಂದಿನ. ಎಚ್‌ಎಂ ಸಾ ಇವತ್ತೂ ಬತ್ತಾವ್ರಂತೆ." ಕೊಟ್ಟೆ. ಅವಳ ಜೊತೆಗೇ ಹೋದೆ. ಇದೊಂದನ್ನು ನಾನು ಇವತ್ತಿಗೂ ಹಿಂದಕ್ಕೆ ಓಡಿಸಿ ಓಡಿಸಿ ನೋಡುತ್ತೇನೆ. ಫೋನು ಕೊಡುವ ನನ್ನ ಕೈ ಪ್ರತಿ ಸಲವೂ ಕೊಟ್ಟೇ ಬಿಡುತ್ತದೆ.

ಹಿಂದಿನ ದಿನ ಮಳೆಯಾಗಿತ್ತು. ಎಚ್‌ಎಂ ಟ್ಯಾಂಕಿನ ಬುಡದಲ್ಲಿ ನನ್ನ ಪಕ್ಕದಲ್ಲೇ ನಿಂತು, ತಲೆ ಎತ್ತಿ, ತಮ್ಮ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದರು. ಹುಡುಗಿ ಏಣಿಯ ಮುಕ್ಕಾಲು ಭಾಗ ಏರಿದ್ದಳು.

"ಇನ್ನೊಂದೆರಡು ಮೆಟ್ಟಿಲು ಹತ್ತಮ್ಮ. ಮುಖ ಕಾಣ್ತಿಲ್ಲ."

ಅವಳು ಹತ್ತಿದಳು. ಮೆಟ್ಟಿಲಿನ ಸರಳು ಒಂದು ಕಡೆಯಿಂದ ಕಿತ್ತುಕೊಂಡಿತು. ಫೋನು ನನ್ನ ಕಾಲ ಬಳಿ ಬಿದ್ದು ಚೂರಾಯಿತು. ಮೇಲೆ ನೋಡಿದರೆ ಅವಳು ಎರಡು ಕೈಯಲ್ಲಿ ನೇತಾಡುತ್ತಿದ್ದಾಳೆ. ಕಾಲು ಹುಡುಕಿ ಹುಡುಕಿ ಕೆಳಗಿನ ಸರಳಿಗೆ ಸಿಕ್ಕಿತು. ಏಣಿಯನ್ನು ಅಪ್ಪಿಕೊಂಡು ಅಲ್ಲೇ ಕಲ್ಲಾದಳು.

"ಜನ ಕರ್ಕೊಂಡು ಬರ್ತೀನಿ" ಎಂದರು ಎಚ್‌ಎಂ. ಕಾರು ತಿರುಗಿಸಿಕೊಂಡರು. ಕಾರು ಊರಿನ ಕಡೆಗೆ ಹೋಗಲಿಲ್ಲ, ಕೆ.ಆರ್. ಪೇಟೆ ರಸ್ತೆಗೆ ಹೋಯಿತು.

ನನ್ನ ಕಿರುಚಾಟಕ್ಕೆ ಬರಿಗಾಲಲ್ಲಿ ಓಡಿಬಂದವರು ಮೇಷ್ಟ್ರು. ಐವತ್ತು ದಾಟಿದ ಆಳು, ಮಂಡಿನೋವು ಬೇರೆ. ಬಂದವರೇ ಏಣಿ ಹತ್ತಿದರು. ಅವಳ ಹಿಂದೆಯೇ ಏರಿ, ತಮ್ಮ ಎರಡು ತೋಳುಗಳ ನಡುವೆ ಅವಳನ್ನು ಇಟ್ಟುಕೊಂಡರು. ಎಡಗೈ ಅವಳ ಮುಖದ ಪಕ್ಕದ ಸರಳಿನ ಮೇಲಿತ್ತು.

"ಕೆಳೀಕ್ ನೋಡ್ಬೇಡ ಮಗ. ನನ್ ಉಗುರು ನೋಡು. ಯಾವ್ ಬಣ್ಣ?"

ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಯಾವ್ ಬಣ್ಣ ಅಂದೆ. ಪಾಟ ಮರ್ತ್‌ಬುಟ್ಯಾ?"

"ಕೆಮ್ಮಣ್ಣು ಸಾ."

"ಕಾಲು ಒಂದ್ ಮೆಟ್ಲು ಇಳ್ಸು. ಅಂಗೆ. ಕೆಮ್ಮಣ್ಣಿಗೆ ಏನ್ ಬೆರ್ಸಿವ್ನಿ?"

"ಸುಣ್ಣ."

"ಎಷ್ಟು?"

"ಜಾಸ್ತಿ ಆಗದೆ ಸಾ."

"ಆಗದೆ. ನಂಗೂ ತಪ್ತದೆ. ಇನ್ನೊಂದ್ ಮೆಟ್ಲು."

ಹಾಗೇ ಏಣಿಯ ಬಹುಪಾಲು ಇಳಿದರು. ಕೊನೆಯ ಮೆಟ್ಟಿಲುಗಳಿಗೆ ಮೇಷ್ಟ್ರು ಪಕ್ಕಕ್ಕೆ ಸರಿದು ಅವಳನ್ನು ಮೊದಲು ಬಿಟ್ಟರು; ಅವಳು ಇಳಿದು ನನ್ನ ತೋಳಿಗೆ ಜಿಗಿದಳು. ಮೇಷ್ಟ್ರು ಇನ್ನೂ ಎರಡಾಳೆತ್ತರದಲ್ಲಿದ್ದರು. ಅವರ ಕಾಲ ಕೆಳಗಿನ ಸರಳು ಮುರಿಯಿತು. ಬೆನ್ನು ಕೆಳಗಾಗಿ ಕಾಂಕ್ರೀಟಿನ ಮೇಲೆ ಬಿದ್ದರು. ಆ ಸದ್ದನ್ನು ನಾನು ಬರೆಯುವುದಿಲ್ಲ. ಕಬ್ಬಿಣದ ಗೇಟು ಕಿರ್ ಎಂದರೆ ಈಗಲೂ ನನ್ನ ಅಂಗಾಲು ಬೆವರುತ್ತದೆ. ಹಾಲಿನ ಟೆಂಪೊದಲ್ಲಿ ಕ್ಯಾನುಗಳನ್ನು ಇಳಿಸಿ ಅವರನ್ನು ಮಲಗಿಸಿ ಆಸ್ಪತ್ರೆಗೆ ಒಯ್ದೆವು. ಸೊಂಟದ ಮೂಳೆ ಮುರಿದಿತ್ತು. ಅವರು ಮತ್ತೆ ಎದ್ದು ನಡೆಯಲಿಲ್ಲ.

ವಾರದ ಮೇಲೆ ಎಚ್‌ಎಂ ನಮ್ಮ ಮನೆಗೆ ಬಂದರು. ಕೈಯಲ್ಲಿ ಟೈಪು ಮಾಡಿದ ಹಾಳೆ. ಡ್ರಾಯಿಂಗ್ ಶಿಕ್ಷಕರು ಅನುಮತಿ ಇಲ್ಲದೆ ಮಕ್ಕಳನ್ನು ಟ್ಯಾಂಕ್ ಹತ್ತಿಸಿ ಪಾಠ ಮಾಡುತ್ತಿದ್ದರು. ಘಟನೆಯ ವೇಳೆ ಮುಖ್ಯೋಪಾಧ್ಯಾಯರು ಸ್ಥಳದಲ್ಲಿರಲಿಲ್ಲ. ಕೆಳಗೆ ಸಾಕ್ಷಿಯ ಸಹಿಗೆ ಜಾಗ.

"ನೋಡಮ್ಮ, ಫೋನು ನಿಂದು. ಪೊಲೀಸ್ ಕೇಸ್ ಆದ್ರೆ ಮೊದ್ಲು ನಿನ್ನನ್ನೇ ಕರೀತಾರೆ. ಗೆಸ್ಟ್ ಟೀಚರ್ ಅರ್ಜಿ ಬೇರೆ ಹಾಕಿದೀಯ."

ಅವ್ವ ಬಾಗಿಲ ಹಿಂದಿನಿಂದ, "ಆಕ್‌ಬುಡು ಮಗ, ನಮಗ್ಯಾಕೆ ಊರ ಉಸಾಬರಿ" ಎಂದಳು. ಓದಿದವಳು ನಾನು. ಪ್ರತಿ ಅಕ್ಷರ ಓದಿಯೇ ಸಹಿ ಹಾಕಿದೆ. ಮೇಷ್ಟ್ರಿಗೆ ಹಾಸಿಗೆಯಲ್ಲೇ ಅಮಾನತಿನ ಆದೇಶ ಹೋಯಿತು. ನನಗೆ ಅದೇ ಶಾಲೆಯಲ್ಲಿ ಕೆಲಸ ಸಿಕ್ಕಿತು.

ದೇವಲಾಪುರದ ಹತ್ತಿರ ಅವರ ತಂಗಿಯ ಮನೆಯಲ್ಲಿ ಅವರನ್ನು ಕಾಣಲು ನನಗೆ ಧೈರ್ಯ ಬಂದದ್ದು ಎಷ್ಟೋ ತಿಂಗಳಾದ ಮೇಲೆ. ಕಿಟಕಿ ಪಕ್ಕದ ಮಂಚ. ಹೊದಿಕೆಯ ಮೇಲೆ ಎಡಗೈ. ಉಗುರು ಬೆಳ್ಳಗೆ, ತೊಳೆದಿಟ್ಟ ಹಾಗೆ ಇತ್ತು. ಅಳುತ್ತಾ ನಿಂತೆ.

"ಸಹಿ ನೋಡ್ದೆ" ಎಂದರು. "ಚೆನ್ನಾಗ್ ಆಕಿದೀಯ. ಕೈ ನಡುಗಿಲ್ಲ."

"ಕ್ಷಮಿಸಿ ಸಾರ್."

"ಕ್ಷಮ್ಸಾಕಿಲ್ಲ ಕಣವ್ವ. ನಿನ್ನೂ ಇಲ್ಲ, ಆ ವಯ್ಯನ್ನ ಅಂತೂ ಬುಡಾಕೇ ಇಲ್ಲ. ಸಾಯೋನು ಕ್ಷಮಿಸ್ಬೇಕು ಅಂತ ಯಾರ್ ಹೇಳ್ದೋರು?" ಹೊದಿಕೆ ಮೇಲಕ್ಕೆಳೆದುಕೊಂಡರು. "ಅತ್ಬುಟ್ರೆ ತಪ್ಪು ಅಳ್ಸೋಯ್ತದಾ? ನಿಮ್ ಡೈರಿ ಬೂಸಾ ಕ್ವಾಣೆಯಾಗೆ, ಅಟ್ಟದ ಮ್ಯಾಲೆ ಒಂದ್ ಗಂಟದೆ. ನಾನ್ ಬೀಳೋಕ್ ಮುಂಚೆ ಕೊನೆ ಕಿತ ಬಂದ್ ಹಾಳೆಗಳು. ವಾಪಸ್ ಕಳ್ಸಾಕೇ ಆಗ್ನಿಲ್ಲ. ಚಿತ್ರ ನೋಡ್ಬೇಡ. ತಿರುಗ್ಸಿ ನೋಡು."

ಅದೇ ಕೊನೆಯ ಭೇಟಿ. ಆ ಬೇಸಗೆ ಮುಗಿಯುವುದರೊಳಗೆ ತೀರಿಕೊಂಡರು. ಕಳಂಕ ಹಾಗೇ ಉಳಿಯಿತು. ಮಣ್ಣಿಗೆ ಬಂದವರಲ್ಲಿ ಶಾಲೆಯ ಕಡೆಯವರು ನಾನೊಬ್ಬಳೇ.

ಗಂಟು ಬಿಚ್ಚಿ ತಿರುಗಿಸಿದೆ. ಮಕ್ಕಳ ದುಂಡು ಅಕ್ಷರ. 'ಟ್ಯಾಂಕ್ ಮೇಲೆ. ಹೊಳೆ ಕಾಣುತ್ತಿತ್ತು. ಎಚ್‌ಎಂ ಸಾರ್ ಕೆಳಗೆ ಇದ್ದರು.' 'ಏಣಿ ಮೇಲೆ. ಭಯ ಆಯಿತು. ಎಚ್‌ಎಂ ಸಾರ್ ಹತ್ತಿ ಅಂದರು.' 'ಟ್ಯಾಂಕ್ ಕಂಬದ ಹತ್ತಿರ. ಡ್ರಾಯಿಂಗ್ ಸಾರ್ ಬೇಡ ಅಂದಿದ್ದರು, ಎಚ್‌ಎಂ ಸಾರ್ ಹಾಜರಿ ಕೊಡಲ್ಲ ಅಂದರು.' ಹಾಳೆ ಮೇಲೆ ಹಾಳೆ.

ನಾನು ಅವನ್ನು ಆಗಲೇ ಯಾರಿಗೂ ತೋರಿಸಲಿಲ್ಲ. ಕಾದೆ. ಎಚ್‌ಎಂ ನಿವೃತ್ತಿಯ ಬೀಳ್ಕೊಡುಗೆ ಬರುವವರೆಗೆ, ಅವರ ಜೊತೆ ನಗುತ್ತಲೇ ಕಾದೆ. ಕಾದದ್ದಕ್ಕೆ ನನಗೆ ನಾಚಿಕೆಯಿಲ್ಲ. ಅವರೇ ಕರೆದು ಹೇಳಿದರು: "ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳು ಬರೆದ ಚಿತ್ರ ಇದ್ರೆ ಹಾಲ್‌ನಲ್ಲಿ ಹಾಕಮ್ಮ. ಆ ಕಾಲದಲ್ಲೂ ಕಲೆ ಬಿಡಲಿಲ್ಲ ನಾವು ಅಂತ ಗೊತ್ತಾಗಲಿ."

ಹಾಕಿದೆ. ಅದೇ ಹಗ್ಗ, ಅದೇ ಬಟ್ಟೆ ಕ್ಲಿಪ್ಪು. ಎಲ್ಲ ಹಾಳೆಗಳ ಮುಖ ಗೋಡೆಗೆ, ಬೆನ್ನು ಜನಕ್ಕೆ.

ಹಾರ ಹಾಕಿಕೊಂಡು ಒಳಗೆ ಬಂದ ಎಚ್‌ಎಂ ನಕ್ಕರು. "ಉಲ್ಟಾ ಹಾಕಿದೀಯಲ್ಲಮ್ಮ."

"ಇಲ್ಲ ಸಾರ್, ಸರಿಯಾಗೇ ಹಾಕಿದೀನಿ."

ಮೊದಲು ಓದಿದ್ದು ಹಾಲಿನ ಟೆಂಪೊ ಡ್ರೈವರು. ಆ ಹಾಳೆಗಳನ್ನೆಲ್ಲ ಹೊತ್ತು ತಂದವನು ಅವನೇ. "ಲೇ, ಬರ್ರಲಾ ಇಲ್ಲಿ" ಎಂದು ಕೂಗಿದ. "ಸಾ, ಇಲ್ಲೂ ನಿಮ್ದೇ ಸುದ್ದಿ ಅದೆ. ಇಲ್ಲೂ ಅದೆ." ಜನ ಹಗ್ಗದ ಉದ್ದಕ್ಕೂ ನಿಂತು ಓದತೊಡಗಿದರು. ಆಡಳಿತ ಮಂಡಳಿಯ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಏಣಿ ಇಳಿದ ಆ ಹುಡುಗಿ, ಈಗ ಕಾಲೇಜಿನವಳು, ಎಚ್‌ಎಂ ಮುಂದೆ ಬಂದು ನಿಂತು ಕೇಳಿದಳು: "ಜನ ಕರ್ಕೊಂಡ್ ಬತ್ತೀನಿ ಅಂದ್ರಂತಲ್ಲ ಸಾ, ಇವತ್ತು ಬಂದವ್ರಾ?"

ಹಗ್ಗದ ಕೊನೆಯಲ್ಲಿ ನನ್ನದೊಂದು ಹಾಳೆ ಇತ್ತು. ಎಲ್ಲಿದ್ದೆ: ಟ್ಯಾಂಕಿನ ಬುಡದಲ್ಲಿ. ಏನು ಕಾಣುತ್ತಿತ್ತು: ನೇತಾಡುವ ಎರಡು ಕಾಲು. ಪಕ್ಕದಲ್ಲಿ ಯಾರಿದ್ದರು: ಎಚ್‌ಎಂ, ಆಮೇಲೆ ಯಾರೂ ಇಲ್ಲ. ಅದರ ಕೆಳಗೆ, ಹಿಂದೆ ಹಾಕಿದ್ದು ಸುಳ್ಳು ಸಹಿ ಎಂದು ಬರೆದು, ಪಕ್ಕದಲ್ಲಿ ಮತ್ತೊಂದು ಸಹಿ ಹಾಕಿದ್ದೆ. ಈ ಸಲ ಕೈ ನಡುಗಿತ್ತು.

ಎಚ್‌ಎಂ ಹಾರ ತೆಗೆದು ಕುರ್ಚಿಯ ಮೇಲಿಟ್ಟು ಹೋದರು. ಮೇಷ್ಟ್ರ ಮೇಲಿನ ಆದೇಶವನ್ನು ಮಂಡಳಿ ರದ್ದು ಮಾಡಿತು. ಆ ಕಾಗದವನ್ನು ಓದಬೇಕಾದವರು ಇರಲಿಲ್ಲ. ಅವರ ತಂಗಿ ಮಡಿಚಿ ಪೆಟ್ಟಿಗೆಗೆ ಹಾಕಿದಳು. ನನ್ನ ಕೆಲಸ ಹೋಯಿತು, ಹೋಗಬೇಕಾದ್ದೇ.

ಹಗೆ ತೀರಿತೇ ಎಂದು ಅವ್ವ ಕೇಳುತ್ತಾಳೆ. ಇಲ್ಲ. ನನ್ನ ಹಾಳೆಯ ಮುಂಬದಿ ಇನ್ನೂ ಮುಗಿದಿಲ್ಲ. ಹಿಂಬದಿ ಮಾತ್ರ ಬರೆದು ತಂದ ಹಾಳೆಯನ್ನು ಮೇಷ್ಟ್ರು ಮುಟ್ಟುತ್ತಲೇ ಇರಲಿಲ್ಲ. ಹೆಬ್ಬೆರಳಿನ ಉಗುರಿನ ಮೇಲೆ ಕೆಮ್ಮಣ್ಣು, ಸುಣ್ಣ ಕಲಸಿ ಬರೆಯುತ್ತಿದ್ದೇನೆ. ಟ್ಯಾಂಕು ಬಂದಿದೆ, ಏಣಿ ಬಂದಿದೆ, ಅವಳ ಹಿಂದೆ ತೋಳು ಚಾಚಿ ನಿಂತ ಮೇಷ್ಟ್ರೂ ಬಂದಿದ್ದಾರೆ. ಕೆಳಗೆ ತಿರುಗಿಕೊಳ್ಳುತ್ತಿರುವ ಬಿಳಿ ಕಾರು ಮಾತ್ರ ಸರಿ ಬರುತ್ತಿಲ್ಲ. ತಪ್ಪಿದ ಗೆರೆಗಳೆಲ್ಲ ಅಲ್ಲೇ ಇವೆ. ಪಕ್ಕದಲ್ಲಿ ಮತ್ತೆ ಎಳೆಯುತ್ತೇನೆ.