ಖಾನನ ಕಾಸು, ಕಂಶಾತ್ ಅಪಾಳ ಹಲ್ಲು

ಓಂಗಾರ್ ಅಗಾ ಅವರ ನಾಲಿಗೆಯ ಬಗ್ಗೆ ನೀವು ಇನ್ನೂ ಕೇಳಿಲ್ಲವೆಂದರೆ, ನೀವು ತರಾಜ್ ಪಟ್ಟಣಕ್ಕೆ ಬಂದೇ ಇಲ್ಲ. ಹಳೆಯ ನಾಣ್ಯ ಕೈಗೆ ಸಿಕ್ಕರೆ ಅವರು ಅದನ್ನು ಮೊದಲು ನೋಡುವುದಿಲ್ಲ, ನೆಕ್ಕುತ್ತಾರೆ. ಒಂದೇ ಸಲ, ನಾಲಿಗೆಯ ತುದಿಯಿಂದ, ಬೆಕ್ಕು ಹಾಲು ಬಿಸಿಯಿದೆಯೋ ಎಂದು ನೋಡುವ ಹಾಗೆ. ಆಮೇಲೆ ಕಣ್ಣು ಮುಚ್ಚಿ ಗಡ್ಡವನ್ನು ಆಕಾಶದ ಕಡೆ ಎತ್ತುತ್ತಾರೆ. ಆ ಗಳಿಗೆಯಲ್ಲಿ ಬಜಾರಿನ ಕತ್ತೆಗಳೂ ಅರಚುವುದಿಲ್ಲವೆಂದು ಪ್ರತೀತಿ. ಕಣ್ಣು ತೆರೆದರೆ ತೀರ್ಪು ಬಂತು: ಬೆಳ್ಳಿಯೋ, ತಾಮ್ರವೋ, ಇಲ್ಲಾ ಹೋದ ವಾರ ಯಾವನೋ ಗ್ಯಾರೇಜಿನಲ್ಲಿ ಎರಕ ಹೊಯ್ದದ್ದೋ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಮ್ಮದು ಇಷ್ಟಕ್ಕೆ ನಿಲ್ಲಿಸುವ ಊರಲ್ಲ. ಟ್ಯಾಕ್ಸಿಯವರ ಪ್ರಕಾರ ಅವರು ನೆಕ್ಕಿ ಖಾನನ ಹೆಸರು ಹೇಳುತ್ತಾರೆ. ರೊಟ್ಟಿ ಸುಡುವವರ ಪ್ರಕಾರ, ಆ ಕಾಸು ಕೊಟ್ಟು ಯಾರು ಏನು ಕೊಂಡರು ಎಂಬುದನ್ನೂ ಹೇಳುತ್ತಾರೆ. ಹಮಾಮಿನ ಮುದುಕರಂತೂ, ಟಂಕಸಾಲೆಯಲ್ಲಿ ಸುತ್ತಿಗೆ ಹೊಡೆದವನು ಆ ದಿನ ಬೆಳ್ಳುಳ್ಳಿ ತಿಂದಿದ್ದನೆಂದು ಓಂಗಾರ್ ಅಗಾ ಒಮ್ಮೆ ಬಯಲು ಮಾಡಿದ್ದಾಗಿ ರೊಟ್ಟಿ ಮುಟ್ಟಿ ಆಣೆಯಿಡುತ್ತಾರೆ. ಸುತ್ತಿಗೆಯವನು ಸತ್ತು ಶತಮಾನಗಳೇ ಕಳೆದಿರುವುದರಿಂದ ಅಲ್ಲವೆನ್ನಲು ಯಾರೂ ಬಂದಿಲ್ಲ.

ಈ ನಾಲಿಗೆಯ ಒಡೆಯರ ಕಸುಬು ಹಲ್ಲು ಕಟ್ಟುವುದು. ಬಜಾರಿನ ಹಿಂದಿನ ಬೀದಿಯಲ್ಲಿ, ಏಪ್ರಿಕಾಟ್ ಮರದ ಕೆಳಗೆ, ಅವರ ಪುಟ್ಟ ಕೋಣೆಯಿದೆ. ತರಾಜಿನಲ್ಲಿ ಯಾರಾದರೂ ಬಾಯ್ತುಂಬ ನಕ್ಕು ಮಿಂಚಿದರೆ ಆ ಮಿಂಚಿನ ಅರ್ಧ ಭಾಗ ಓಂಗಾರ್ ಅಗಾ ಅವರದು. ಆದರೆ ಹಿಂದಿನ ಚಳಿಗಾಲದಲ್ಲಿ ಆ ಕೋಣೆಯಲ್ಲಿ ಒಂದು ಹಲ್ಲೂ ಹುಟ್ಟಲಿಲ್ಲ. ಮೇಜಿನ ಮೇಲೆ ಊರಿನವರ ಬಾಯಿಯ ಅಚ್ಚುಗಳು ಸಾಲಾಗಿ ಧೂಳು ತಿನ್ನುತ್ತ ಕೂತಿದ್ದವು. ಅಚ್ಚು ಕೊಟ್ಟವರು ಮನೆಯಲ್ಲಿ ಗಂಜಿ ಕುಡಿಯುತ್ತ ಕೂತಿದ್ದರು. ಕಾರಣ ಒಂದು ತಾಮ್ರದ ಕಾಸು.

ಅದು ಸಿಕ್ಕಿದ್ದು ಒಬ್ಬ ಕುರುಬನಿಂದ. ಬಂಗಾರದ ಹಲ್ಲು ಕಟ್ಟಿಸಿಕೊಂಡವನು ಕೂಲಿಯ ಮೇಲೆ ಕೊಸರಾಗಿ ಒಂದು ಕರಿ ಚಪ್ಪಟೆ ಬಿಲ್ಲೆ ಕೊಟ್ಟಿದ್ದ. ಓಂಗಾರ್ ಅಗಾ ನೆಕ್ಕಿದರು, ಗಡ್ಡ ಎತ್ತಿದರು, ಆಮೇಲೆ ಕುರ್ಚಿಯಲ್ಲಿ ಕುಸಿದರು. ನಮ್ಮ ಊರಿನಲ್ಲೇ ಟಂಕಿಸಿದ ಹಳೆಯ ಖಾನರ ಕಾಸು! ಅಂಚಿನಲ್ಲಿ ಅರಬ್ಬಿ ಲಿಪಿಯ ನಾಲ್ಕಕ್ಷರಗಳಲ್ಲಿ ಊರಿನ ಹೆಸರು. ಇಂಥ ಕಾಸುಗಳಲ್ಲಿ ಅಚ್ಚು ಒಂದು ಬದಿಗೆ ಸರಿದು ಹೆಸರು ಯಾವಾಗಲೂ ಅರ್ಧಕ್ಕೇ ಕತ್ತರಿಸಿರುತ್ತದೆ. ಇದರಲ್ಲಿ ಮೂರಕ್ಷರ ನಿಚ್ಚಳವಾಗಿತ್ತು. ನಾಲ್ಕನೆಯದು ಇರಬೇಕಾದ ಕಡೆ ಕಲ್ಲಿನಂಥ ಹಸಿರು ಕಿಲುಬು ಹೆಪ್ಪುಗಟ್ಟಿತ್ತು.

ಭಾನುವಾರಗಳಂದು ಉದ್ಯಾನದ ಕರಗಾಚ್ ಮರಗಳ ಕೆಳಗೆ ನಾಣ್ಯದ ಹುಚ್ಚರೆಲ್ಲ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂರುತ್ತಾರೆ. ಅಲ್ಲಿ ಗಡಿಯಾರ ರಿಪೇರಿಯ ಪಾಕ್ ಅವರದೇ ಕೊನೆಯ ಮಾತು. ಕೊರಿಯದ ಮನೆತನ, ಒಣಕಲು ದೇಹ, ಕಣ್ಣಿಗೆ ಸದಾ ಅಂಟಿಕೊಂಡ ಭೂತಗನ್ನಡಿ. ಓಂಗಾರ್ ಅಗಾ ಬಾಯಿ ತಡೆಯಲಾರದೆ ಹೇಳಿಬಿಟ್ಟರು.

“ಪೂರ್ತಿ ಹೆಸರಾ?” ಎಂದರು ಪಾಕ್. “ಕೂದ್ಲು ನೆರೆಯೋವರೆಗೂ ನೋಡ್ದೆ, ಒಂದೂ ಸಿಗ್ಲಿಲ್ಲ. ನಿನಗೆ ಕನಸು ಬಿದ್ದಿರಬೇಕು.”

“ಕನಸಲ್ಲ ಕಣಯ್ಯಾ, ಕಾಸು. ಕೊನೇ ಅಕ್ಷರ ಕಿಲುಬಿನ ಕೆಳಗಿದೆ, ಅಷ್ಟೇ.”

“ಕಿಲುಬಿನ ಕೆಳಗೆ ನನ್ನ ಮಾವನ ಆಸ್ತೀನೂ ಇದೆ. ತೋರಿಸು, ಆಮೇಲೆ ಮಾತು. ಪೂರ್ತಿ ಹೆಸರು ತೋರಿಸಿದ್ರೆ, ಇಷ್ಟು ಜನರ ಮುಂದೆ ನಿನ್ನನ್ನ ಉಸ್ತಾಜ್ ಅಂತೀನಿ, ಗುರುಗಳೇ ಅಂತ. ವಸಂತದ ಮೊದಲ ಸಂತೆಯ ಭಾನುವಾರದ ಒಳಗೆ ಆಗ್ಲಿಲ್ಲ ಅಂದ್ರೆ ನೀನು ನನ್ನನ್ನ ಹಾಗೆ ಕರೀಬೇಕು. ಸಾಯೋವರೆಗೂ.”

ಕೈ ಕೈ ತಟ್ಟಿ ಪಂದ್ಯ ಗಟ್ಟಿಯಾಯಿತು.

ಆ ಚಳಿಗಾಲ ಓಂಗಾರ್ ಅಗಾ ಒಂದು ಅಕ್ಷರದ ಮೇಲೆ ನಡೆಸಿದ ಮುತ್ತಿಗೆಯನ್ನು ಯಾವ ಖಾನನೂ ಯಾವ ಕೋಟೆಯ ಮೇಲೂ ನಡೆಸಿರಲಾರ. ಮೊದಲು ಕಾಸನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ನೆನೆಸಿದರು. ಆಮೇಲೆ ಎಣ್ಣೆಯಲ್ಲಿ ಮುಳುಗಿಸಿ ವಾರಗಟ್ಟಲೆ ಬಿಟ್ಟರು. ಹಲ್ಲಿನ ಉಕ್ಕಿನ ಕಡ್ಡಿಗಳು ಕೈಗೆಟುಕುವಲ್ಲೇ ಇದ್ದರೂ ಮುಟ್ಟಲಿಲ್ಲ; ಒಂದು ಗೀರು ಬಿದ್ದರೆ ಮುಗಿಯಿತು. ಜಿಡೆ ಮರದ ಮುಳ್ಳು ತಂದು, ಭೂತಗನ್ನಡಿಯ ಕೆಳಗೆ ಉಸಿರು ಬಿಗಿಹಿಡಿದು, ಕಿಲುಬನ್ನು ಕಣಕಣವಾಗಿ ಎಬ್ಬಿಸಿದರು. ಬಟ್ಟೆ ತಾಗಿಸಲಿಲ್ಲ. ಹಳೆಯ ಕಾಸಿನ ಕಪ್ಪೇ ಅದರ ಚರ್ಮ. ಅದು ಇದ್ದರೆ ಬೆಲೆ, ಹೋದರೆ ಅದು ಬರೀ ಅಂಗಿಯ ಗುಂಡಿ. ಮುಳ್ಳುಗಳು ಮುರಿದವು. ಕೊನೆಯ ಅಕ್ಷರದ ಬಾಲ ಮಾತ್ರ ಕಂಡಿತು, ತಲೆ ಕಾಣಲಿಲ್ಲ.

“ಮಗಳ ಸಂಬಂಧಕ್ಕೆ ಶನಿವಾರ ಬೀಗರು ಬರ್ತಾರೆ,” ಎಂದಳು ಹೆಂಡತಿ ರಾಬಿಗಾ. “ಆ ಎಣ್ಣೆ ಬಟ್ಟಲು ಕಿಟಕಿಯಿಂದ ತೆಗೀರಿ, ಜಾನ್ಸಾಯಾಳ ಅಪ್ಪಾ. ನೋಡಿದೋರು ಉಪ್ಪಿನಕಾಯಿ ಅಂದ್ಕೋತಾರೆ.”

ಅದರ ಮರುದಿನ, ಭಾನುವಾರವೇ, ಪಂದ್ಯದ ಗಡುವು. ಶನಿವಾರ ಓಂಗಾರ್ ಅಗಾ ಕಾಸನ್ನು ಎಣ್ಣೆಯಿಂದ ಎತ್ತಿ, ಹತ್ತಿಯ ಮೇಲಿಟ್ಟು, ಒಂದು ತಟ್ಟೆಯಲ್ಲಿ ಒಣಗಲು ಬಿಟ್ಟರು. ಜೊತೆಗೆ ಸಂಗ್ರಹದ ಕೆಲವು ಹಾಳು ಕಾಸುಗಳೂ ಇದ್ದವು. ಬೀಗರ ಗಾಡಿಯ ಸದ್ದು ಕೇಳಿ ಹೊರಗೆ ಓಡುವಾಗ ತಟ್ಟೆಯನ್ನು ಕೈಗೆ ಸಿಕ್ಕ ಕಡೆ ಇಟ್ಟರು. ಅಲ್ಲಿ ಮಿಠಾಯಿಯ ಹರಿವಾಣಗಳಿದ್ದವು.

ಬೀಗರು ಹೊಸ್ತಿಲು ದಾಟುವಾಗ ಶಾಶು ಎರಚದಿದ್ದರೆ ಅದೆಂಥ ಮನೆ? ಮಿಠಾಯಿ, ಒಣಗಿಸಿದ ಮೊಸರುಂಡೆ, ಕಾಸು, ಎಲ್ಲವನ್ನೂ ತಲೆಯ ಮೇಲೆ ಸುರಿಯಬೇಕು. ಸಿಕ್ಕಿದ್ದು ಸಿಕ್ಕವರ ಭಾಗ್ಯ. ಎರಚುವ ಹಕ್ಕು ಓಂಗಾರ್ ಅಗಾ ಅವರ ಅಕ್ಕ ದಾಮೆಶ್ ಅಪಾಳದು. ಆಕೆಗೆ ಈಗಿನ ಟೆಂಗೆ ಕಾಸುಗಳೆಂದರೆ ತಾತ್ಸಾರ.

“ಇವು ಹೊಟ್ಟಿನ ಹಾಗೆ ಹಾರ್ತವೆ. ಬೀಗರ ತಲೆಗೆ ತಾಗಿದ್ರೂ ಗೊತ್ತಾಗಲ್ಲ,” ಎಂದು ಗೊಣಗುತ್ತ, ತಟ್ಟೆಯಲ್ಲಿದ್ದ ತೂಕದ ಕಾಸುಗಳನ್ನೂ ಉಡಿಗೆ ಸುರಿದುಕೊಂಡಳು. ಬಾಗಿಲಿಗೆ ಬಂದು, ಯುದ್ಧಕ್ಕೆ ಈಟಿ ಎಸೆಯುವವಳ ಹಾಗೆ ಒಂದು ಹೆಜ್ಜೆ ಹಿಂದಿಟ್ಟು, ಎಸೆದಳು.

ಗಾಳಿಯಲ್ಲಿ ಒಂದು ಕರಿ ಬಿಲ್ಲೆ ಸುತ್ತುತ್ತ ಮೇಲೇರಿದ್ದನ್ನು ಓಂಗಾರ್ ಅಗಾ ಕಂಡರು. ಅದರ ತಿರುವನ್ನು ಅವರು ನಿದ್ದೆಯಲ್ಲೂ ಗುರುತಿಸಬಲ್ಲರು. “ಅಯ್ಯೋ!” ಎಂದರು. ಎಲ್ಲರೂ ಅದನ್ನು ಸಂತೋಷದ ಕೂಗೆಂದು ತಿಳಿದು ತಾವೂ ಕೂಗಿದರು. ಬಿಲ್ಲೆ ಮದುಮಗನ ಅಜ್ಜಿ ಕಂಶಾತ್ ಅಪಾಳ ಅಂಗೈಗೆ ನೆಟ್ಟಗೆ ಇಳಿಯಿತು.

“ನೋಡ್ರೇ, ನನಗೆ ಹಳೇ ಕಾಲದ್ದು ಬಂತು!” ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕು ಅಜ್ಜಿ ಅದನ್ನು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಂಡಳು. “ವಯಸ್ಸಾದೋಳಿಗೆ ವಯಸ್ಸಾದ್ದು. ಭಾಗ್ಯಕ್ಕೂ ಕಣ್ಣಿದೆ.”

ಓಂಗಾರ್ ಅಗಾ ಬಾಯಿ ತೆರೆದರು. ರಾಬಿಗಾ ಅವರ ಕಾಲು ತುಳಿದಳು.

“ಶಾಶು ವಾಪಸ್ ಕೇಳಿದ್ರೆ ಭಾಗ್ಯ ವಾಪಸ್ ಕೇಳಿದ ಹಾಗೆ,” ಎಂದು ನಗುಮುಖದಲ್ಲೇ ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಸಂಬಂಧ ಮುರಿದ್ರೆ, ನಿಮ್ಮ ಖಾನನ ಜೊತೆ ಸಂಸಾರ ಮಾಡಿ.”

ಮಗಳು ಜಾನ್ಸಾಯಾ ಆಗಲೇ ಹುಡುಗನ ಕಡೆ ನೋಡಿ ಕೆಂಪಾಗುತ್ತಿದ್ದಳು. ಅಪ್ಪ ಬಾಯಿ ಮುಚ್ಚಿದರು.

ಆದರೆ ಯುಕ್ತಿಗೆ ಯಾವ ನಿಷೇಧ? ಚಹಾ ಕೊಡುವ ನೆಪದಲ್ಲಿ ಅಜ್ಜಿಯ ಪಕ್ಕ ಕೂತು ಒಂದು ದೊಡ್ಡ ಹೊಳೆಯುವ ಬೆಳ್ಳಿ ರೂಬಲ್ ತೆಗೆದರು. “ಅಪಾ, ನಿಮಗೆ ಸಿಕ್ಕಿದ್ದು ಕೊಳಕು ಕಾಸು. ನಮಗೆ ಅವಮಾನ. ಅದರ ಬದಲು ಇದು ಇರಲಿ.”

ಅಜ್ಜಿ ರೂಬಲನ್ನು ತಿರುಗಿಸಿ ನೋಡಿ, ಗಂಟು ಬಿಚ್ಚಿ, ಕರಿ ಕಾಸಿನ ಪಕ್ಕದಲ್ಲೇ ಇಟ್ಟು, ಮತ್ತೆ ಬಿಗಿದಳು. “ಇದೂ ಕೊಟ್ಟೆಯಾ! ಎಂಥ ಧಾರಾಳದ ಬೀಗರಪ್ಪಾ! ಬದುಕು, ಕುದಾ, ನಮ್ಮ ಬೀಗಾ, ನೂರು ವರ್ಷ ಬದುಕು.”

ಅಷ್ಟರಲ್ಲಿ ಮಾಂಸದ ಹರಿವಾಣ ಬಂತು. ಹಿರಿಯಳೆಂದು ಒಳ್ಳೆಯ ತುಂಡು, ಕರುಳಿಗೆ ಕುದುರೆಯ ಮಾಂಸ, ಕೊಬ್ಬು ತುಂಬಿ ಬೇಯಿಸಿದ ಕಾಜೀ, ಎಲ್ಲ ಕಂಶಾತ್ ಅಪಾಳ ಮುಂದೆ. ಅಜ್ಜಿ ಅದನ್ನು ನೋಡಿದಳು, ಮೂಸಿದಳು, ನಿಟ್ಟುಸಿರು ಬಿಟ್ಟಳು.

“ಹಣ್ಣೆಲೆ ಉದುರೋ ಕಾಲದಲ್ಲಿ ಒಬ್ಬ ನನ್ನ ಬಾಯೊಳಗೆ ಮೇಣ ತುರುಕಿ ಅಚ್ಚು ತೆಗೆದ,” ಎಂದಳು ಸಭೆಗೆ ಕೇಳುವ ಹಾಗೆ. “ಹಲ್ಲು ಬರುತ್ತೆ ಅಪಾ, ಹಿಮ ಬೀಳೋ ಮೊದಲೇ ಬರುತ್ತೆ ಅಂದ. ಹಿಮ ಬಿತ್ತು, ಕರಗ್ತು, ಟುಲಿಪ್ಪೂ ಅರಳ್ತು. ನನ್ನ ಮರಿಮೊಮ್ಮಗನಿಗೆ ಎರಡು ಹಲ್ಲು ಬಂತು, ಅವನು ಯಾರ ಹತ್ರಾನೂ ಅಚ್ಚು ಕೊಟ್ಟಿರ್ಲಿಲ್ಲ.”

ಬೀಗರೆಲ್ಲ ಗೊಳ್ಳೆಂದರು. ಓಂಗಾರ್ ಅಗಾ ಅವರ ಕಿವಿ ಕಾಯಿಸಿದ ತಾಮ್ರವಾಯಿತು. ಆ ಅಚ್ಚೂ ಧೂಳು ತಿನ್ನುವ ಸಾಲಿನಲ್ಲಿತ್ತು. ಅಜ್ಜಿಯ ಹಲ್ಲನ್ನು ನುಂಗಿದ್ದು ಆಕೆಯ ತಲೆವಸ್ತ್ರದಲ್ಲೇ ಇದ್ದ ಕಾಸು.

ಕೆಂಪಗಾದ ಆ ಕಿವಿಗಳ ನಡುವೆಯೇ ಯೋಚನೆ ಹೊಳೆಯಿತು. ಸುಯಿಂಶಿ! ಒಳ್ಳೆಯ ಸುದ್ದಿ ತಂದವನು “ಸುಯಿಂಶಿ!” ಎಂದು ಕೂಗಿದರೆ, ಕೇಳಿದವರು ಅವನು ಬೇಡಿದ್ದನ್ನು ಕೊಡಲೇಬೇಕು. ಹಿರಿಯರು ಕಟ್ಟಳೆಯ ಬೀಗ ಹಾಕಿದ್ದರೆ, ಕೀಲಿಯನ್ನೂ ಹಿರಿಯರೇ ಮಾಡಿಟ್ಟಿರುತ್ತಾರೆ. ಬೇಕಾದದ್ದು ಒಂದು ಒಳ್ಳೆಯ ಸುದ್ದಿ, ಮತ್ತು ಅದು ನಿಜವಾಗಿರಬೇಕು.

ಬೀಗರು ಹೊರಟದ್ದೇ ತಡ, ಓಂಗಾರ್ ಅಗಾ ಏಪ್ರಿಕಾಟ್ ಮರದ ಕೋಣೆಗೆ ಓಡಿದರು. ಅಜ್ಜಿಯ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಜೋಡಿಸುವುದು ಹಿಂದೆಯೇ ಆಗಿತ್ತು. ಬೇಯಿಸಿ, ಉಜ್ಜಿ, ಹೊಳಪು ಕೊಡುವುದು ಬಾಕಿ. ಬೇಯಿಸಿದರು. ಉಜ್ಜಿದರು. ಚಳಿಗಾಲವೆಲ್ಲ ಕಾಸಿನ ಮುಂದೆ ಉಸಿರು ಬಿಗಿಹಿಡಿದ ಮನುಷ್ಯ ಈಗ ಚಕ್ರಕ್ಕೆ ಹಲ್ಲೊಡ್ಡಿ ಪುಡಿ ಹಾರುವಂತೆ ತಿರುಗಿಸಿದರು. ಬೆಳಕು ಹರಿಯುವಾಗ ಬಟ್ಟಲಿನಲ್ಲಿ ಎರಡು ಸಾಲು ಹಲ್ಲು ಯಾರ ಬಾಯೂ ಇಲ್ಲದೆ ನಗುತ್ತಿದ್ದವು.

ನದಿಯಾಚೆಯ ಬೀಗರ ಮನೆಯ ಗೇಟಿನಿಂದಲೇ ಅವರು ಕೂಗಿದರು: “ಸುಯಿಂಶಿ! ಸುಯಿಂಶಿ, ಕಂಶಾತ್ ಅಪಾ!”

ಅಜ್ಜಿ ಬರಿಗಾಲಲ್ಲಿ ಓಡಿಬಂದಳು. “ಏನಾಯ್ತೋ? ಹೇಳು, ಕೇಳಿದ್ದು ಕೊಡ್ತೀನಿ! ಹಸು ಕರು ಹಾಕ್ತಾ?”

“ಹಸುವಿಗಲ್ಲ ಅಪಾ, ನಿಮಗೆ ಹಲ್ಲು ಬಂತು!”

ಹಲ್ಲು ಬಾಯಿಗೆ ಹೋಯಿತು. ಅಜ್ಜಿ ಒಮ್ಮೆ ಕಟಕಟ ಅನ್ನಿಸಿದಳು. ಒಳಗೆ ಹೋಗಿ ನಿನ್ನೆ ಕಟ್ಟಿಸಿಕೊಂಡು ತಂದಿದ್ದ ಕಾಜೀ ತುಂಡನ್ನು ಕಚ್ಚಿದಳು, ಅಗಿದಳು, ನುಂಗಿದಳು. ಕಣ್ಣಲ್ಲಿ ನೀರು ಬಂತು.

“ಬೇಡು,” ಎಂದಳು. “ಕುರಿ? ಕಂಬಳಿ?”

“ನಿನ್ನೆಯ ಆ ಕರಿ ಕಾಸು.”

ಅಜ್ಜಿ ಹೊಸ ಹಲ್ಲುಗಳ ಪೂರ್ತಿ ಪ್ರದರ್ಶನ ಮಾಡಿ ನಕ್ಕಳು. “ಅಬ್ಬಾ ನರಿಯೇ! ನಿನ್ನೆಯೆಲ್ಲಾ ನೀನು ನನ್ನ ಮುಖ ನೋಡಿ ಮಾತಾಡ್ಲೇ ಇಲ್ಲ, ತಲೆವಸ್ತ್ರದ ಗಂಟಿನ ಜೊತೆ ಮಾತಾಡ್ತಿದ್ದೆ. ಬಾಯಿಬಿಟ್ಟು ಕೇಳಿದ್ರೆ ಹುಡುಗನ್ನ ಕರ್ಕೊಂಡು ಎದ್ದು ಹೋಗ್ತಿದ್ದೆ. ಸುಯಿಂಶಿಗೆ ಮಾತ್ರ ಇಲ್ಲ ಅನ್ನೋಕಾಗಲ್ಲ. ತಗೋ. ಆದ್ರೆ ಕರೀದು ಅನ್ಬೇಡ.”

ಗಂಟು ಬಿಚ್ಚಿತು. ಓಂಗಾರ್ ಅಗಾ ಅವರ ಅಂಗೈಯಲ್ಲಿ ಹೊಸ ಸಮೋವಾರಿನಂತೆ ಕೆಂಪಗೆ ಫಳಫಳ ಹೊಳೆಯುವ ಒಂದು ಬಿಲ್ಲೆ ಬಿತ್ತು.

“ಭಾಗ್ಯವನ್ನ ಕೊಳಕಾಗಿ ಇಟ್ಕೋಬಾರ್ದಲ್ಲ,” ಎಂದಳು ಅಜ್ಜಿ ಹೆಮ್ಮೆಯಿಂದ. “ತೊಳೆದೆ. ಹಟಮಾರಿ ಕೊಳೆ ಕಣೋ, ತೋಳು ನೋವು ಬಂತು. ರೂಬಲ್ ನನ್ನ ಹತ್ರಾನೇ ಇರ್ಲಿ, ಅದನ್ನ ನೀನು ಕೇಳ್ಲಿಲ್ಲ.”

ಓಂಗಾರ್ ಅಗಾ ಗೇಟಿನ ಕಂಬ ಹಿಡಿದುಕೊಂಡು ನಿಂತರು. ಅಜ್ಜಿ ಅದನ್ನು ನಿದ್ದೆಗೆಟ್ಟ ಆಯಾಸವೆಂದು ತಿಳಿದು ಒಂದು ಬಟ್ಟಲು ಹುದುಗಿಸಿದ ಕುದುರೆ ಹಾಲು ಕುಡಿಸಿ ಕಳಿಸಿದಳು.

ಕರಗಾಚ್ ಮರಗಳ ಕೆಳಗೆ ಜನ ಕಾದಿದ್ದರು. ಓಂಗಾರ್ ಅಗಾ ಕಾಸನ್ನು ಪಾಕ್ ಅವರ ಕರವಸ್ತ್ರದ ಮೇಲಿಟ್ಟರು. ಪಾಕ್ ಹೊಳಪಿಗೆ ಕಣ್ಣು ಕಿರಿದಾಗಿಸಿ, ಬೆಚ್ಚಿ, ಯಾರೋ ಸತ್ತ ಮನೆಯಲ್ಲಿ ಕೇಳುವ ದನಿಯಲ್ಲಿ ಕೇಳಿದರು:

“ಯಾರು ಇದರ ಚರ್ಮ ಸುಲಿದದ್ದು?”

“ಬೀಗರು.”

“ನಿನ್ನೆ ಇದಕ್ಕೆ ಒಂದು ಕುದುರೆಮರಿ ಕೊಡ್ತಿದ್ರು. ಇವತ್ತು ಲಗಾಮೂ ಕೊಡಲ್ಲ.” ಪಾಕ್ ಭೂತಗನ್ನಡಿ ಬಗ್ಗಿಸಿದರು. ಅಂಚಿನ ಮೇಲೆ ಕಣ್ಣನ್ನು ನಿಧಾನವಾಗಿ ಸರಿಸಿದರು. ಮೊದಲಕ್ಷರ, ಎರಡನೆಯದು, ಮೂರನೆಯದು. ಆಮೇಲೆ ನಿಂತರು. ಮತ್ತೆ ಮೊದಲಿನಿಂದ ಬಂದರು. ಮತ್ತೆ ನಿಂತರು. ಚಳಿಗಾಲವೆಲ್ಲ ಮುಳ್ಳಿಗೆ ಬಗ್ಗದ ಕಿಲುಬು ಅಜ್ಜಿಯ ತೋಳಿಗೆ ಬಗ್ಗಿತ್ತು. ನಾಲ್ಕನೆಯ ಅಕ್ಷರ ತಲೆಯೆತ್ತಿ ನಿಂತಿತ್ತು.

“ತರಾಜ್,” ಎಂದರು ಪಾಕ್. “ಪೂರ್ತಿ.”

ಓಂಗಾರ್ ಅಗಾ ಭೂತಗನ್ನಡಿ ಕಿತ್ತುಕೊಂಡು ತಾವೇ ನೋಡಿದರು. ಆಮೇಲೆ, ಕುದುರೆಮರಿ ಕಳೆದುಕೊಂಡವರ ಮುಖದಲ್ಲಿ ಬರಬಾರದ ಒಂದು ನಗು ಅವರ ಗಡ್ಡದೊಳಗೆ ನುಗ್ಗಿತು. ಬೆಂಚುಗಳಿಂದ ಎದ್ದು ಜನ ಸುತ್ತ ನೆರೆದರು. ಪಾಕ್ ಎದ್ದು ನಿಂತು, ಟೋಪಿ ತೆಗೆದು, ಹುಳಿ ಸೇಬು ನುಂಗಿದವರಂತೆ ಗಂಟಲು ಸರಿಪಡಿಸಿಕೊಂಡರು.

“ಉಸ್ತಾಜ್,” ಎಂದರು.

“ಕೇಳಿಸ್ಲಿಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಉಸ್ತಾಜ್!” ಪಾಕ್ ಗರ್ಜಿಸಿದರು. “ಗುರುಗಳೇ! ಈಗ ದಯವಿಟ್ಟು ನೆಕ್ಕಿ ಹೇಳಿ, ಯಾವ ಖಾನ? ಊರೆಲ್ಲಾ ನಿಮ್ಮ ನಾಲಿಗೆ ಹೊಗಳುತ್ತಲ್ಲ, ನಾವೂ ಕೇಳೋಣ.”

ಓಂಗಾರ್ ಅಗಾ ಕಾಸನ್ನು ನಾಲಿಗೆಯ ತುದಿಗೆ ತಾಗಿಸಿದರು. ಕಣ್ಣು ಮುಚ್ಚಿದರು. ಗಡ್ಡ ಆಕಾಶಕ್ಕೆ ಎದ್ದಿತು. ರಸ್ತೆಯಾಚೆಯ ಕತ್ತೆಯೊಂದು ಅರಚಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಿತೆಂದು ಅಂದು ಅಲ್ಲಿದ್ದವರು ಇಂದಿಗೂ ಹೇಳುತ್ತಾರೆ.

ಅವರು ಕಣ್ಣು ತೆರೆದರು.

“ಸೋಪು,” ಎಂದರು.