ಬೀಗ ಬಿದ್ದ ಮದುವೆ

ಸುರಪುರದ ಬಸ್ ನಿಲ್ದಾಣದ ಹಿಂದೆ ನನ್ನ ಹೊಲಿಗೆ ಅಂಗಡಿ. ಅದಕ್ಕೆ ಅಂಟಿಕೊಂಡೇ ಹಣಮೇಶನ ಫೋಟೊ ಸ್ಟುಡಿಯೊ. ನಡುವೆ ಇರುವುದು ಒಂದೇ ಗೋಡೆ, ಅವನು ನಿಟ್ಟುಸಿರಿಟ್ಟರೂ ನನಗೆ ಕೇಳುತ್ತದೆ. ಇಷ್ಟು ಅಂಜುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಲ್ಲಿ ಲೊಚಗುಟ್ಟಿದರೆ ಮಾಡುತ್ತಿದ್ದ ಕೆಲಸ ಬಿಡುತ್ತಾನೆ. ಯಾರಾದರೂ ಪೊಲೀಸರು ಪ್ಯಾಂಟು ಹೊಲಿಸಲು ನನ್ನಲ್ಲಿಗೆ ಬಂದರೆ ತನ್ನ ಬಾಗಿಲು ಅರ್ಧ ಎಳೆದುಕೊಳ್ಳುತ್ತಾನೆ. ಆದರೆ ಒಂದು ಮಾತು ಹೇಳಲೇಬೇಕು. ಅವನು ತೆಗೆದ ಹೆಣ್ಣುಮಕ್ಕಳ ಫೋಟೊ ಎಂದೂ ಆಚೆ ಹೋಗಿಲ್ಲ. ಅದೂ ಅಂಜಿಕೆಯ ಪುಣ್ಯವೇ. ಯಾರಾದರೂ ಕದ್ದು ಎಲ್ಲಾದರೂ ಹಾಕಿಬಿಟ್ಟಾರೆಂದು ಲ್ಯಾಪ್‌ಟಾಪಿನ ಡಿಸ್ಕಿಗೇ ಬೀಗ ಹಾಕಿಸಿಕೊಂಡಿದ್ದ.

ಒಮ್ಮೆ ಯಾರೋ ಫೋನ್ ಮಾಡಿ, ತಾವು ದಿಲ್ಲಿಯ ಪೊಲೀಸರು, ನಿನ್ನ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆ ಎಂದರಂತೆ. ಊರಿಗೆಲ್ಲ ಬರುವ ಕಳ್ಳ ಫೋನು ಅದು. ನಾವಾದರೆ ನಾಲ್ಕು ಬೈದು ಇಡುತ್ತೇವೆ. ಈ ಪುಣ್ಯಾತ್ಮ ಓಡಿಬಂದು, ನನ್ನ ಕತ್ತರಿ ಕಸಿದುಕೊಂಡು, ಸಿಮ್ಮನ್ನೇ ತುಂಡು ಮಾಡಿ ಚರಂಡಿಗೆಸೆದ. ಬಟ್ಟೆ ಕತ್ತರಿಸುವ ಕತ್ತರಿ ಮೊಂಡಾಯಿತು. ಅವನು ಹೊಸ ನಂಬರು ತೆಗೆದುಕೊಂಡು ಹಳೆಯದನ್ನು ಮರೆತುಬಿಟ್ಟ.

ಮುಂದೆ ದಸರೆ ಬಂತು. ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕೂಡಿಸಿದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ, ನಮ್ಮ ಕಡೆಯ ಪದ್ಧತಿಯೇ ಹಾಗೆ. ಹಣಮೇಶ ಲ್ಯಾಪ್‌ಟಾಪ್ ಚಾಲೂ ಮಾಡಿ, ಪರದೆಯ ತುಂಬ ದೇವಿಯ ಚಿತ್ರ ಇಟ್ಟು, ವಿಭೂತಿ ಹಚ್ಚಿ, ಅದರ ಮುಂದೆಯೇ ಕಾಯಿ ಒಡೆದ. ನೀರು ಚಿಮ್ಮಿ ಕೀಬೋರ್ಡಿನ ಸಂದಿಗೆ ಇಳಿಯಿತು. ಎತ್ತಿ ಒರೆಸೋ ಎಂದು ನಾನು ಕೂಗಿದೆ. ದೇವಿಯನ್ನು ಕದಲಿಸಿದರೆ ಏನಾದೀತೋ ಎಂದು ಅವನು ಕೈಮುಗಿದು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂದು ಪರದೆ ಆರಿಹೋಯಿತು.

ಅದಾದ ಮೇಲೆ ಒಂದು ಬೆಳಿಗ್ಗೆ ಬೋನಾಳದ ಮೌನಿಕಾ ಸ್ಟುಡಿಯೊಗೆ ಬಂದಳು. ಬೇಸಿಗೆಯಲ್ಲಿ ಶಹಾಪುರ ಕಡೆಯ ಬಾಲರಾಜನ ಜೊತೆ ಅವಳ ಮದುವೆಯಾಗಿತ್ತು, ಚಿತ್ರ ತೆಗೆದವನು ಹಣಮೇಶ. ಈಗ ಗಂಡ ಅವಳ ಫೋನು ಕಸಿದುಕೊಂಡು ಹೊರಗೆ ದಬ್ಬಿದ್ದ. ಆಲ್ಬಮ್ಮೂ ವಿಡಿಯೊದ ಪ್ರತಿಯೂ ಅವನ ಮನೆಯಲ್ಲೇ ಉಳಿದು ಏನಾಯಿತೋ ಯಾರಿಗೂ ಗೊತ್ತಿಲ್ಲ. ಇನ್ನೊಂದು ಮದುವೆಗೆ ತಯಾರಿ ನಡೆಸುತ್ತ, ಮೌನಿಕಾಳ ಜೊತೆ ಬರೀ ಮಾತುಕತೆ ಆಗಿತ್ತು, ತಾಳಿ ಕಟ್ಟೇ ಇಲ್ಲ ಎಂದು ಊರ ಮುಂದೆ ಸಾರಿದ್ದ. ಮಂತ್ರ ಹೇಳಿದ ಸ್ವಾಮಿಯೂ ಅವರ ಕಡೆಯವನೇ. ವಕೀಲರು ವಿಡಿಯೊ ತಾ ಎಂದಿದ್ದರು. ನೆಂಟರ ಫೋನುಗಳಲ್ಲಿ ಇದ್ದದ್ದು ಮಂದಿಯ ಬೆನ್ನು ಮಾತ್ರ.

ಮಶಿನ್ ಕೆಟ್ಟಿದೆಯೆಂದು ಹಣಮೇಶ ತೊದಲಿದ. ಆ ಹುಡುಗಿ ಅಳಲಿಲ್ಲ, ಅವನ ಮುಖವನ್ನೇ ನೋಡಿದಳು.

"ಅಣ್ಣಾ, ನನ್ನ ಮದಿವಿ ಆಗಿದ್ದು ನಿಮಗಾದ್ರೂ ನೆನಪದ ಇಲ್ರಿ?"

ಅವನು ಡಿಸ್ಕು ಬಿಚ್ಚಿಸಿಕೊಂಡು ಶಹಾಪುರದ ಅತೀಕನ ಹತ್ತಿರ ಹೋದ. ಅತೀಕ ಕಂಪ್ಯೂಟರ್ ರಿಪೇರಿ ಮಾಡುವವನು, ಬೀಗ ಹಾಕಿಕೊಟ್ಟವನೂ ಅವನೇ. ಡಿಸ್ಕು ಚೆನ್ನಾಗಿದೆ, ಆದರೆ ಬೀಗದ ಕೀಲಿ ಸುಟ್ಟ ಬೋರ್ಡಿನ ಜೊತೆಗೇ ಹೋಯಿತು ಎಂದ. ಒಡೆಯಲು ಬರುವುದಿಲ್ಲ, ಯಾರಿಗೂ ಬರುವುದಿಲ್ಲ. ಆ ಕೀಲಿಯ ಇನ್ನೊಂದು ಪ್ರತಿ, ಒಂದು ಉದ್ದನೆಯ ಸಂಖ್ಯೆ, ಹಣಮೇಶನ ಇಮೇಲ್ ಖಾತೆಯಲ್ಲಿ ಇದೆ. ಅದರ ಪಾಸ್‌ವರ್ಡು ಇವನಿಗೆ ಮರೆತಿತ್ತು. ಹೊಸದು ಬೇಕೆಂದರೆ ಓಟಿಪಿ ಬೇಕು. ಓಟಿಪಿ ಹೋಗುವುದು ಚರಂಡಿ ಕಂಡ ಆ ಹಳೆಯ ನಂಬರಿಗೆ. ಕಂಪನಿಯವರು ಅದನ್ನು ಆಗಲೇ ಬೇರೆ ಯಾರಿಗೋ ಕೊಟ್ಟಾಗಿತ್ತು.

ಹಣಮೇಶ ಆ ನಂಬರಿಗೆ ಫೋನ್ ಮಾಡಿದ. ಎತ್ತಿದ್ದು ಒಬ್ಬ ಮುದುಕಿ. ಓಟಿಪಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಅವನ ಏಳು ತಲೆಮಾರನ್ನು ತೊಳೆದಳು. ತಾನು ದೇವಾಪುರದ ದೇವಕಮ್ಮ, ತನ್ನ ಮುಂದೆ ಈ ಆಟ ನಡೆಯುವುದಿಲ್ಲ ಎಂದು ಅಬ್ಬರಿಸಿ ಇಟ್ಟಳು. ಬೈಯುವ ಭರದಲ್ಲಿ ಹೆಸರು, ಊರು ಎರಡೂ ಹೇಳಿಬಿಟ್ಟಿದ್ದಳು.

ಶಹಾಪುರದಲ್ಲಿ ಸುದ್ದಿ ಹೇಗೋ ಹಬ್ಬಿರಬೇಕು, ಮರುದಿನವೇ ಬಾಲರಾಜನ ಕಡೆಯ ಇಬ್ಬರು ಸ್ಟುಡಿಯೊಗೆ ಬಂದರು. ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಚಹಾ ತರಿಸಿ ಕುಡಿದರು. ಹಣಮೇಶನ ಮಗಳು ಯಾವ ಶಾಲೆಗೆ ಹೋಗುತ್ತಾಳೆ, ಯಾವ ದಾರಿಯಲ್ಲಿ ಬರುತ್ತಾಳೆ ಎಂದು ನಗುನಗುತ್ತ ವಿಚಾರಿಸಿದರು. ಏಳುವಾಗ ಒಬ್ಬ ಅವನ ಹೆಗಲ ಮೇಲೆ ಕೈ ಇಟ್ಟ.

"ಮಶಿನ್ ಹಾಳಾಗ್ಯಾದಂತಲ್ಲ. ಛಲೋ ಆತು. ಹಂಗೇ ಇರ್ಲಿ."

ಗೋಡೆಯಾಚೆ ಕೂತ ನಾನು ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡೆ. ಹಣಮೇಶ ಮಗಳನ್ನು ಅಂದೇ ಹೆಂಡತಿಯ ಜೊತೆ ಅವಳ ತವರಿಗೆ ಕಳಿಸಿಕೊಟ್ಟ. ನಾನು ಅವನಿಗೆ ಬುದ್ಧಿ ಹೇಳಿದೆ. ಡಿಸ್ಕು ಹೋಯಿತು, ಇದು ಸುಳ್ಳಲ್ಲ, ದೇವರೇ ಮಾಡಿದ್ದು, ನಿನ್ನನ್ನು ಯಾರೂ ಬೈಯುವುದಿಲ್ಲ, ಸುಮ್ಮನಿರು ಎಂದೆ. ಅವನು ತಲೆಯಾಡಿಸಿದ. ಆದರೆ ಅನ್ನ ಬಿಟ್ಟ. ಆ ಹುಡುಗಿಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ ಎಂದ. ಕೊನೆಗೆ ದೇವಾಪುರದ ಬಸ್ಸಿಗೆ ನಿಂತವನನ್ನು ಕಂಡು, ಹಾಳಾಗಿ ಹೋಗು ಎಂದು ಬೈಯುತ್ತ ನಾನೂ ಅವನ ಹಿಂದೆ ಹತ್ತಿದೆ.

ದೇವಕಮ್ಮ ಬಾಗಿಲ ಚಿಲಕ ಹಾಕಿಕೊಂಡು ಕಿಟಕಿಯಲ್ಲಿ ನಿಂತಳು, ಕೈಯಲ್ಲಿ ಒನಕೆ. ಓಟಿಪಿ ಕಳ್ಳರು ಮನೆಗೇ ಬಂದಾರೆ ಎಂದು ಕೂಗಿಕೊಂಡಾಗ ಓಣಿಯ ಮಂದಿ ನಮ್ಮ ಸುತ್ತ ನೆರೆದರು. ಒಬ್ಬ ನನ್ನ ಅಂಗಿಯ ಕೊರಳಪಟ್ಟಿ ಹಿಡಿದ. ಇಲ್ಲಿಯೇ ನಮ್ಮ ಕಥೆ ಮುಗಿಯಿತೆಂದು ನಾನು ಮನೆದೇವರನ್ನು ನೆನೆದೆ. ಹಣಮೇಶನಂತೂ ಗಡಗಡ ನಡುಗುತ್ತಿದ್ದ. ಮುದುಕಿಯ ಕೈಯ ಒನಕೆಯೂ ನಡುಗುತ್ತಿದ್ದುದನ್ನು ಅವನು ನೋಡಿದ. ನಾನು ನೋಡಿರಲಿಲ್ಲ.

"ಅವ್ವಾ, ನಂಬರ್ ನನಗ ಹೇಳಬ್ಯಾಡ್ರಿ. ಇಂಥಾ ಫೋನ್ ಬಂದಾಗ ನಾನೂ ಹಿಂಗೇ ನಡುಗೀನಿ. ಫೋನು ನಿಮ್ಮ ಕೈಯಾಗೇ ಇರ್ಲಿ, ನೀವೇ ಬಂದು ನೋಡ್ರಿ."

ಆಮೇಲೆ ಬೋನಾಳದ ಹುಡುಗಿಯ ಕಥೆ ಹೇಳಿದ. ತಡವರಿಸುತ್ತ, ಹಿಂದಿನದು ಮುಂದೆ ಮಾಡಿ ಹೇಳಿದರೂ ಮುದುಕಿ ಕೊನೆಯತನಕ ಕೇಳಿದಳು. ಕಟ್ಟಿದ ತಾಳಿಯನ್ನು ಕಟ್ಟಿಲ್ಲ ಅನ್ನುತ್ತಾನೇನು ಎಂದು ಒಂದೇ ಮಾತು ಕೇಳಿ, ಫೋನನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೊರಟಳು.

ಅತೀಕನ ಅಂಗಡಿಗೆ ಮೌನಿಕಾಳೂ ಬಂದಿದ್ದಳು. ದೇವಕಮ್ಮನ ಫೋನು ಟಣ್ ಎಂದಿತು. ಅವಳು ಯಾರಿಗೂ ತೋರಿಸದೆ ಅಂಕಿಗಳನ್ನು ತಾನೇ ಒಂದೊಂದಾಗಿ ಒತ್ತಿದಳು. ಖಾತೆ ತೆರೆಯಿತು, ಉದ್ದನೆಯ ಸಂಖ್ಯೆ ಸಿಕ್ಕಿತು, ಅತೀಕ ಅದನ್ನು ಹಾಕಿದ. ಮೊದಲ ಸಲ ತಪ್ಪೆಂದು ಬಂತು. ಅತೀಕ ಅಂಕಿಗಳನ್ನು ಒಂದೊಂದಾಗಿ ಓದಿ ಮತ್ತೆ ಹಾಕಿದ. ಎರಡನೆಯ ಸಲಕ್ಕೆ ಡಿಸ್ಕು ಬಿಚ್ಚಿಕೊಂಡಿತು.

ಪರದೆಯ ಮೇಲೆ ಮದುವೆಯ ಹಂದರ ಕಂಡಿತು. ತಲೆ ಬಗ್ಗಿಸಿದ ಮೌನಿಕಾ, ಕೈಯೆತ್ತಿದ ಬಾಲರಾಜ. ಅಷ್ಟರಲ್ಲಿ ಅವನ ಮೊಳಕೈ ಅಡ್ಡ ಬಂದು ತಾಳಿ ಮರೆಯಾಯಿತು. ಮೌನಿಕಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ಕ್ಯಾಮೆರಾದ ಹಿಂದಿನಿಂದ ಹಣಮೇಶನದೇ ದನಿ ಗಟ್ಟಿಯಾಗಿ ಬಂತು. ಬಾಲರಾಜಣ್ಣ, ಕೈ ಅಡ್ಡ ಬಂತರಿ, ಇನ್ನೊಮ್ಮೆ ಕಟ್ರಿ, ಈ ಕಡೆ ನೋಡ್ಕೋತ ಸಾವಕಾಶ ಕಟ್ರಿ ಎನ್ನುತ್ತಿತ್ತು. ಬಾಲರಾಜ ನಕ್ಕು, ಕ್ಯಾಮೆರಾದತ್ತ ಮುಖ ಮಾಡಿ, ಗಂಟು ಬಿಚ್ಚಿ ಮತ್ತೆ ಕಟ್ಟಿದ.

ಹಣಮೇಶನ ಮುಖ ಸುಣ್ಣದಂತೆ ಬಿಳುಪಾಯಿತು. ಈ ದನಿ ಯಾರದೆಂದು ಕೋರ್ಟು ಕೇಳಿದರೆ ಇವನೇ ಎದ್ದು ನಿಲ್ಲಬೇಕು, ಮಗಳ ದಾರಿ ವಿಚಾರಿಸಿ ಹೋದವರ ಕಣ್ಣೆದುರಿಗೆ. ಅತೀಕನಿಗೂ ತಿಳಿಯಿತು. ದನಿ ತೆಗೆದು ಮೇಲೆ ಒಂದು ಹಾಡು ಕೂಡಿಸುತ್ತೇನೆ, ಮದುವೆ ವಿಡಿಯೊಗಳಲ್ಲಿ ಇರುವುದೇ ಹಾಗೆ ಎಂದು ಮೆಲ್ಲಗೆ ಹೇಳಿದ. ಮೌನಿಕಾ ನೆಲ ನೋಡುತ್ತ ಕೂತಿದ್ದಳು.

ಹಣಮೇಶ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡಿದ್ದ.

"ದನಿ ಇರ್ಲಿ ಬಿಡು. ಕಟ್ಟು ಅಂದಾಂವ ನಾನೇ."