ಬೆರಳು ಕರೆದರೂ, ಗಂಟು ಕರೆದರೂ

ನಮ್ಮ ಪ್ರಯೋಗಾಲಯದ ಬಾಗಿಲಿಗೆ ಮೊನ್ನೆ ಎಣ್ಣೆಬಣ್ಣ ಹೊಡೆದರು. ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದರು. ನನಗೆ ಮಾತ್ರ ಗೋಕಾಕದ ದಸ್ತಗೀರ ಕಾಕಾ ನೆನಪಾದರು. ನಮ್ಮ ಪಕ್ಕದ ಮನೆಯವರು, ಕಟ್ಟಿಗೆಯ ಹಣ್ಣುಗಳನ್ನು ಕೆತ್ತಿ ಬಣ್ಣ ಹಚ್ಚುವವರು. ಅವರ ಮಾವಿನಹಣ್ಣನ್ನು ಚಿಕ್ಕಂದಿನಲ್ಲಿ ಕಚ್ಚಿ ನೋಡಿದ್ದೇನೆ. ಹಲ್ಲಿಗೆ ಬುದ್ಧಿ ಬಂತು, ನನಗೆ ಬರಲಿಲ್ಲ, ವಿಜ್ಞಾನ ಓದಿದೆ.

ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ ನೋಡಿ. ಕ್ಯಾನ್ಸರ್ ಗಂಟಿನ ಕೋಶಗಳ ಮೈಮೇಲೆ ಸುದ್ದಿ ಹಿಡಿಯುವ ಗ್ರಾಹಕಗಳಿರುತ್ತವೆ. ಅವು ಚುರುಕಾದರೆ ಕೋಶ ಒಂದು ರಸ ಬಿಡುತ್ತದೆ. ಅದರ ಸುಳಿವು ಹಿಡಿದು ರಕ್ತನಾಳದ ಕೋಶಗಳು ಗಂಟಿನತ್ತ ತೆವಳುತ್ತವೆ, ಹೊಸ ನಾಳ ಕಟ್ಟಿ ಅದಕ್ಕೆ ಉಣಿಸುತ್ತವೆ. ಎಷ್ಟು ತೆವಳಿದವು ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ.

ಕಾಕಾರ ಕರುಳಿನಲ್ಲಿ ಗಂಟು ಸಿಕ್ಕಾಗ ಬೆಳಗಾವಿಯ ಡಾಕ್ಟರರು ಈ ತೆವಳಿಕೆಯನ್ನೇ ತಡೆಯುವ ಔಷಧವನ್ನು ಸಲೈನಿನಲ್ಲಿ ಕೊಡತೊಡಗಿದರು. ಗಂಟು ಬೆಳೆಯುವುದು ನಿಂತಿತು. ಊರಿಗೆ ಹೋಗಿ ನೋಡಿದರೆ ಕಾಕಾ ಎಡಗೈ ಹೆಬ್ಬೆರಳಿಗೆ ಅರಿವೆ ಸುತ್ತಿಕೊಂಡು ಬಾಳೆಹಣ್ಣಿಗೆ ಹಳದಿ ಹಚ್ಚುತ್ತಿದ್ದರು.

“ಉಳಿ ತಾಗೇತಿ. ತಿಂಗಳಾತು, ಮಾಯವಲ್ದು. ಡಾಕ್ಟರಿಗೆ ಹೇಳಬ್ಯಾಡ ತಮ್ಮಾ, ಔಷಧ ನಿಲ್ಲಸ್ತಾರ.”

“ಆ ಔಷಧದಿಂದನ ಮಾಯವಲ್ದು ಕಾಕಾ. ಗಾಯ ಮಾಯಾಕೂ ಹೊಸ ನಾಳ ಬೇಕಲ್ರಿ. ಗಾಯನೂ ಗಂಟಿನಂಗ ಅವನ್ನ ಕರೀತೈತಿ.”

ಕಾಕಾ ಕುಂಚ ಕೆಳಗಿಟ್ಟರು. “ಅಂದ್ರ ಬೆರಳು ಕರದ್ರೂ ಅದ ದನಿ, ಗಂಟು ಕರದ್ರೂ ಅದ ದನಿ? ಗಂಟಿನ ದನಿ ಅಷ್ಟ ಮುಚ್ಚೋ ಔಷಧ ಇಲ್ಲೇನೋ?”

“ಇನ್ನೂ ಇಲ್ರಿ.”

“ಮತ್ತ ಇಷ್ಟು ವರ್ಷ ಏನ್ ನೋಡಾಕತ್ತೀ ಅದರಾಗ?”

ನಾನು ಚಹಾ ಕುಡಿದು ಎದ್ದೆ.

ಆಮೇಲೆ ಹೆಬ್ಬೆರಳು ಬಾತು ಕೀವಾಯಿತು. ಹೆದರಿದ ಕಾಕಿಯೇ ಡಾಕ್ಟರರಿಗೆ ಹೇಳಿದರು. ಗಾಯ ಮಾಯುವವರೆಗೆ ಔಷಧ ಬೇಡವೆಂದು ಅವರು ನಿಲ್ಲಿಸಿದರು. ಬೆರಳು ಮೆಲ್ಲಗೆ ಮಾಯಿತು. “ಉಳಿ ಹಿಡಿಯಾಕತ್ತೇನಿ ತಮ್ಮಾ!” ಎಂದು ಕಾಕಾ ಫೋನಿನಲ್ಲಿ ಕೂಗಿದರು. ಅಷ್ಟರಲ್ಲಿ ಗಂಟೂ ಬೆಳೆದಿತ್ತು. ಮತ್ತೆ ಶುರುಮಾಡಿದ ಔಷಧಕ್ಕೆ ಅದು ಬಗ್ಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಕಾಕಾ ಹೋದರು.

ಇವತ್ತೂ ನನ್ನ ಮುಂದಿನ ತಟ್ಟೆಯಲ್ಲಿ ರಕ್ತನಾಳದ ಕೋಶಗಳು ತೆವಳುತ್ತಿವೆ. ಮೊದಲೆಲ್ಲ ಇವನ್ನು ವೈರಿಯ ಕಡೆಯವೆಂದೇ ಎಣಿಸಿದ್ದೆ. ಈಗ ಹಾಗೆ ನೋಡಲಾರೆ. ಕಾಕಾರ ಬೆರಳು ಕೂಡಿಸಿದವೂ ಇಂಥವೇ, ಗಂಟಿಗೆ ಉಣಿಸಿದವೂ ಇಂಥವೇ. ಸಿಟ್ಟೇನೋ ಬರುತ್ತದೆ, ಯಾರ ಮೇಲೆ ಇಡಲಿ ಎಂದು ತಿಳಿಯದೆ ಮತ್ತೆ ಕಣ್ಣು ಕೆಳಗಿಳಿಸಿ ನೋಡುತ್ತೇನೆ.